ಅಪ್ಪನಿಗೆ ನೀನು ಯಾರು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಕೂಸಿಗೆ,

ಮುಸ್ಲಿಂ ಹುಡುಗನನ್ನು ಮದುವೆಯಾಗಲು ಮತ ಬದಲಿಸುತ್ತೇನೆ ಅಂತ ನೀನು ಹೇಳಿದ ಮೇಲೆ ಮನೆಯಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ಹುಡುಗನನ್ನು ನಾನೂ ನೋಡಿದ್ದೇನೆ, ಒಳ್ಳೆಯವನು. ಆದರೆ ನಿನ್ನ ಪತ್ರದ ಕೊನೆಯ ಸಾಲು, 'ಮತ ಬದಲಿಸಿದರೆ ನಾನು ಅಪ್ಪನಿಗೆ ಯಾರೂ ಅಲ್ಲವಾ ಅತ್ತೆ' ಅಂತ ಕೇಳಿದ್ದು, ನನ್ನನ್ನು ಬಿಡುತ್ತಿಲ್ಲ.

ನೀನು ಅವನ ಮಗಳೇ. ಕಾನೂನೂ ಅದನ್ನೇ ಹೇಳುತ್ತದೆ. ಮತ ಬದಲಿಸಿದ ಮಗಳ ಪಾಲು ಹೋಗುತ್ತದೆ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನನ್ನ ಭಯ ನಿನ್ನ ಮಕ್ಕಳ ಬಗ್ಗೆ. ಅದೇ ಕಾಯ್ದೆಯ 26ನೇ ಕಲಂ ಪ್ರಕಾರ, ಮತ ಬದಲಾದ ಮೇಲೆ ಹುಟ್ಟಿದ ಮಕ್ಕಳು ಹಿಂದೂ ಅಜ್ಜನ ಆಸ್ತಿಗೆ ವಾರಸುದಾರರಲ್ಲ. ಅಜ್ಜ ತೀರಿದ ಹೊತ್ತಿಗೆ ಅವರು ಹಿಂದೂಗಳಾಗಿದ್ದರೆ ಮಾತ್ರ ಉಂಟು.

ಹುಬ್ಬಳ್ಳಿಯಲ್ಲಿ ನನಗೊಬ್ಬ ಗೆಳತಿ ಇದ್ದಳು. ದುರ್ಗದಬೈಲಿನಲ್ಲಿ ಸೀರೆ ಕೊಳ್ಳಲು ಇಬ್ಬರೂ ಕೂಡಿಯೇ ಹೋಗುತ್ತಿದ್ದೆವು. ಮತ ಬದಲಿಸಿ ಮದುವೆಯಾದಳು. ಗಂಡ ಚೆನ್ನಾಗಿಯೇ ನೋಡಿಕೊಂಡ. ಅವಳ ಅಪ್ಪನೂ ಒಂದಷ್ಟು ಕಾಲ ಸಿಟ್ಟು ಮಾಡಿ, ಆಮೇಲೆ ಪಂಚಮಿಗೆ ಉಂಡಿ ಕಳಿಸಲು ಶುರು ಮಾಡಿದರು. ಆದರೆ ಅವಳು ಅಪ್ಪನಿಗಿಂತ ಮೊದಲೇ ಹೋದಳು. ಅವರು ಮೃತ್ಯುಪತ್ರ ಬರೆದಿರಲಿಲ್ಲ. ಅವರೂ ತೀರಿದ ಮೇಲೆ, ಸ್ವಂತ ದುಡಿದು ಕೊಂಡ ಹೊಲಕ್ಕೆ ವಾರಸಾ ಹಚ್ಚುವಾಗ ಆ ಮಕ್ಕಳ ಹೆಸರು ಬರಲಿಲ್ಲ. ಎತ್ತಿ ಆಡಿಸಿದ ಅಜ್ಜನಿಗೆ ಕಾಗದದಲ್ಲಿ ಯಾರೂ ಅಲ್ಲ! ಒಂದು ಹಾಳೆ ಬರೆಸಿಡಿ ಅಂತ ಹೇಳುವಷ್ಟು ತಿಳಿವಳಿಕೆ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ನಿನ್ನ ಸಾಲು ಓದಿದಾಗ ಆ ಮಕ್ಕಳ ಮುಖವೇ ಕಣ್ಣಮುಂದೆ ಬಂತು.

'ಹೆಸರಿಗಷ್ಟೇ ಬದಲಿಸಿ ಆಮೇಲೆ ಮೊದಲಿನಂತೆ ಇರುತ್ತೇನೆ' ಅಂತಲೂ ಬರೆದಿದ್ದೀಯ. ಇದು ಸುಮ್ನೆ ಆಡುವ ಮಾತಲ್ಲ. ಇಸ್ಲಾಂ ಬಿಟ್ಟ ಮಾತ್ರಕ್ಕೆ ಹೆಂಗಸಿನ ಮದುವೆ ಮುರಿಯುವುದಿಲ್ಲ ಅಂತ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಹೇಳುತ್ತದೆ. ಆದರೆ ಬೇರೆ ಮತದಿಂದ ಬಂದವಳು ತನ್ನ ಹಳೇ ಮತಕ್ಕೇ ಮರಳಿದರೆ ಆ ರಕ್ಷಣೆ ಅವಳಿಗಿಲ್ಲ. ಮದುವೆಯೇ ಕೈಬಿಟ್ಟು ಹೋಗಬಹುದು. ಆಗ ಅಪ್ಪನಿಗೆ ಯಾರು ಅನ್ನುವುದರ ಜೊತೆಗೆ ಗಂಡನಿಗೆ ಯಾರು ಅಂತಲೂ ಕೇಳಿಕೊಳ್ಳಬೇಕಾಗುತ್ತದೆ.

ಆ ನಂಬಿಕೆ ನಿನಗೆ ಮನಸ್ಸಿನಿಂದಲೇ ಬಂದಿದ್ದರೆ ನಾನು ಅಡ್ಡ ಬರುವುದಿಲ್ಲ. ಬರೀ ಮದುವೆಗಾಗಿ ಅಂತಾದರೆ ಅದು ಬೇಕಾಗಿಯೇ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಅವರವರ ಮತದಲ್ಲೇ ಇದ್ದು ಮದುವೆಯಾಗಬಹುದು. 30 ದಿನದ ನೋಟಿಸು, ಮೂವರು ಸಾಕ್ಷಿಗಳು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಆ ತಿಂಗಳು ಕಷ್ಟದ್ದು, ಗೊತ್ತು. ಬೇಕಾದರೆ ನನ್ನ ಮನೆಗೆ ಬಂದಿರು. ಹಾಗೆ ಮದುವೆಯಾದರೆ ಒಟ್ಟು ಕುಟುಂಬದಿಂದ ನೀನು ಬೇರೆಯಾದಂತೆ ಲೆಕ್ಕ, ಆದರೆ ಪಾಲು ಹೋಗುವುದಿಲ್ಲ.

2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆಯೊಂದು ಬಂತು, ಮರುವರ್ಷ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು. ಅದರ ಬಗ್ಗೆ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡು. ಇಷ್ಟು ಹೇಳಲು ನಾನ್ಯಾರು ಅನಿಸಿದರೆ ಕ್ಷಮಿಸು. ಸುಮ್ಮನಿರಲು ಆಗಲಿಲ್ಲ.

ಮೃತ್ಯುಪತ್ರದ ಮಾತನ್ನು ಅಣ್ಣನ ಹತ್ತಿರ ನಾನೇ ಎತ್ತುತ್ತೇನೆ. ನೀನು ಯಾವ ದಾರಿ ಹಿಡಿದರೂ ಅದು ಬೇಕು. ಅವನು ಮಾತು ಬಿಟ್ಟಿದ್ದಾನೆ, ನಿಜ. ಆದರೂ ಯಾರೂ ಅಲ್ಲವಾ ಅಂತ ನನ್ನನ್ನು ಕೇಳಬೇಡ, ಅವನನ್ನೇ ಕೇಳು. ಎಲ್ಲಿಯೇ ಸಹಿ ಹಾಕುವುದಿದ್ದರೂ ಮುಂಚೆ ನನಗೊಂದು ಫೋನ್ ಮಾಡು.

ನಿನ್ನ ಅತ್ತೆ,
ಧಾರವಾಡ