ದೋಣಿಯ ತೂಕ ಮೊದಲು, ಟ್ರಕ್ ಆಮೇಲೆ

ಚಿ. ಸುಹಾಸನಿಗೆ ಆಶೀರ್ವಾದಗಳು.

ಟೆಕ್ಸಸ್‌ನ ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್ ಕೆರೆಗಳ ಬ್ಯಾಸ್ ಮೀನು ಹಿಡಿಯುವ ಪಂದ್ಯಗಳಿಗೆ ಹೋಗಲು ಸಾಲ ಮಾಡಿ ಹೊಸ ಟ್ರಕ್ ತರುತ್ತೇನೆ ಅಂದಿದ್ದೀಯ. ಸಹಿ ಹಾಕುವ ಮುಂಚೆ ದೋಣಿ ಯಾವುದು ಅಂತ ತೀರ್ಮಾನ ಮಾಡು. ದೋಣಿಯ ತೂಕವೇ ಗಾಡಿಯನ್ನು ಆರಿಸಬೇಕು.

ಜಾಹೀರಾತಿನಲ್ಲಿ ಕೊಡುವುದು ಸಾಮಾನ್ಯವಾಗಿ ಖಾಲಿ ದೋಣಿಯ ತೂಕ. 20 ಅಡಿಯ ಫೈಬರ್ ದೋಣಿ, 250 ಎಚ್‌ಪಿ ಮೋಟರ್, ನಾಲ್ಕು ಚಕ್ರದ ಟ್ರೇಲರ್, ಬ್ಯಾಟರಿ, ಗಾಳದ ಸಾಮಾನು ಎಲ್ಲ ಸೇರಿದರೆ 4,500 ಪೌಂಡ್ ಸುಲಭವಾಗಿ ದಾಟುತ್ತದೆ. ಪೆಟ್ರೋಲೇ ಗ್ಯಾಲನ್ನಿಗೆ ಸುಮಾರು 6 ಪೌಂಡ್. 45 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 270. ಹದಿನೇಳು ಅಡಿಯ ಅಲ್ಯೂಮಿನಿಯಂ ದೋಣಿ ಇದರ ಅರ್ಧದ ಆಸುಪಾಸು. ಯಾರ ಮಾತನ್ನೂ ನಂಬದೆ, ಸಾಮಾನು ತುಂಬಿಸಿ ಟ್ರಕ್ ಸ್ಟಾಪ್‌ನ ತೂಕದ ಕಟ್ಟೆಯ ಮೇಲೆ ನಿಲ್ಲಿಸು.

ಮನೆಯಲ್ಲಿರುವ ಹಳೆಯ, ಹೈಬ್ರಿಡ್ ಅಲ್ಲದ ಟೊಯೋಟಾ ಸಿಯೆನ್ನಾ ವ್ಯಾನ್ 3,500 ಪೌಂಡ್ ಎಳೆಯುತ್ತದೆ, ಅಲ್ಯೂಮಿನಿಯಂ ದೋಣಿಗೆ ಅಷ್ಟು ಸಾಕು. ಅದು ಸೋಲುವುದು ಹೈವೇಯಲ್ಲಲ್ಲ, ದೋಣಿಯನ್ನು ನೀರಿಗಿಳಿಸುವ ರ‍್ಯಾಂಪಿನಲ್ಲಿ. ಹಿಂದೆ ಭಾರ ಬಿದ್ದು ಮೂತಿ ಹಗುರಾದಾಗ, ಪಾಚಿಗಟ್ಟಿದ ಇಳಿಜಾರಿನಲ್ಲಿ ಮುಂಚಕ್ರ ಸುಮ್ಮನೆ ತಿರುಗುತ್ತದೆ. ಫೈಬರ್ ದೋಣಿಯೇ ಬೇಕು ಅಂತಿದ್ದರೆ, ಕಾರ್ಖಾನೆಯಲ್ಲೇ ಟೋ ಪ್ಯಾಕೇಜ್ (ಟ್ರೇಲರ್ ಎಳೆಯುವ ಸಜ್ಜು) ಹಾಕಿದ, ಎಂಟು ಹತ್ತು ವರ್ಷ ಹಳೆಯ, ಫೋರ್ಡ್ ಎಫ್-150ರಂಥ ಹಾಫ್‌ಟನ್ ಪಿಕಪ್ ನೋಡು. ಟ್ರಾನ್ಸ್‌ಮಿಷನ್ ಕೂಲರ್, ಟ್ರೇಲರಿನ ದೀಪ, ಬ್ರೇಕಿಗೆ 7 ಪಿನ್ ಸಾಕೆಟ್ ಇರಲಿ. ಟ್ರಾನ್ಸ್‌ಮಿಷನ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅಲ್ಲಿಂದಲೇ ವಾಪಸ್ ಬಾ.

ಎಳೆಯುವ ಶಕ್ತಿ ಒಂದೇ ನೋಡಿದರೆ ಸಾಲದು. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಚೀಟಿ ಇರುತ್ತದೆ, ಗಾಡಿ ಹೊರಬಹುದಾದ ಭಾರ ಅದರಲ್ಲಿದೆ. ದೋಣಿ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತುವ ಭಾರವೂ ಅದರೊಳಗೇ ಬರಬೇಕು. ದೋಣಿ, ಟ್ರೇಲರ್ ಸೇರಿದ ಒಟ್ಟು ತೂಕದ ಹತ್ತನೇ ಒಂದು ಭಾಗ ಹಿಚ್ ಮೇಲಿರಲಿ. ಕಮ್ಮಿಯಾದರೆ ಟ್ರೇಲರ್ ಬಾಲ ಬೀಸುತ್ತದೆ; ಅತಿಯಾದರೆ ಸ್ಟೀರಿಂಗ್ ಹಗುರಾಗುತ್ತದೆ.

ಟ್ರಕ್ಕಿನಲ್ಲಿ ಉಳಿಸಿದ ದುಡ್ಡನ್ನು ಟ್ರೇಲರಿನ ಚಕ್ರಕ್ಕೆ ಹಾಕು. ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಬೇರಿಂಗೇ. ನೂರಾರು ಮೈಲಿ ಓಡಿ ಕಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ರ‍್ಯಾಂಪಿನ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಹಿಂದಿನ ಸೀಲ್ ಸವೆದಿದ್ದರೆ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲು ಕಲಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ. ಮೇಲೆ ಹೊಸ ಗ್ರೀಸ್ ತುಂಬಿ ಸಮಾಧಾನ ಪಟ್ಟುಕೊಳ್ಳಬೇಡ, ಬಿಚ್ಚಿ ಸೀಲ್ ಬದಲಿಸು. ಕೆರೆ ಮುಟ್ಟಿದ ಮೇಲೆ ಕಾಲು ಗಂಟೆ ಹಬ್ ಆರಲು ಬಿಡು. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಹಬ್ಬಿಗೆ ಹಿಂಗೈ ಹತ್ತಿರ ಹಿಡಿ: ಬೆಚ್ಚಗಿದ್ದರೆ ಸರಿ, ಒಂದೇ ಹಬ್ ಸುಡುತ್ತಿದ್ದರೆ ಮುಂದೆ ಹೋಗಬೇಡ. ಬೇರಿಂಗ್ ಕೂರಿಸಿ ಗ್ರೀಸ್ ತುಂಬಿದ ಒಂದು ಹಬ್, ಕಾಟರ್ ಪಿನ್, ಸ್ಟೆಪ್ನಿ, ಜಾಕ್, ಅದರಡಿಗೆ ಹಲಗೆ ಜೊತೆಯಲ್ಲಿರಲಿ. ಟ್ರಕ್ಕಿನ ಪಾನಾ ಟ್ರೇಲರಿನ ನಟ್ಟಿಗೆ ಕೂರುತ್ತದೋ ಇಲ್ಲವೋ ಮನೆಯಲ್ಲೇ ನೋಡಿಕೋ.

ಟ್ರೇಲರಿನ ಟೈರಿನ ಮೇಲೆ ಎಸ್‌ಟಿ (ಸ್ಪೆಷಲ್ ಟ್ರೇಲರ್) ಅಂತಿರಬೇಕು. ಟೈರಿನ ಬದಿಯಲ್ಲಿರುವ ಡಾಟ್ (DOT) ಅಂಕಿಯ ಕೊನೆಯ ನಾಲ್ಕು 2319 ಇದ್ದರೆ ಅದು 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದನ್ನು ಗೆರೆ ಚೆನ್ನಾಗಿದೆ ಅಂತ ಇಟ್ಟುಕೊಳ್ಳಬೇಡ. ರಿವರ್ಸ್ ಹಾಕಿದಾಗ ಟ್ರೇಲರ್ ಬ್ರೇಕ್ ಹಿಡಿದು ನಿಂತರೆ ಬ್ರೇಕನ್ನು ಬಿಡಿಸುವ, ಟ್ರೇಲರ್ ಪ್ಲಗ್ಗಿನ ಐದನೇ ತಂತಿಗೆ ರಿವರ್ಸ್ ಲೈಟಿನ ಕರೆಂಟ್ ಬರುತ್ತಿದೆಯೇ ಪರೀಕ್ಷಿಸು.

ಇನ್ನು ತಂಗುವ ವಿಚಾರ. ನಿನಗೆ ಹಾಸಿಗೆ ಎಂಥದಾದರೂ ನಡೆದೀತು, ದೋಣಿಗೆ ಪ್ಲಗ್ ಬೇಕೇ ಬೇಕು. ಮೀನು ಹಿಡಿಯುವಾಗ ದೋಣಿಯನ್ನು ಮೆಲ್ಲಗೆ ನಡೆಸುವ ಟ್ರೋಲಿಂಗ್ ಮೋಟರಿನ ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಆಗದಿದ್ದರೆ ಮರುದಿನ ಮಧ್ಯಾಹ್ನಕ್ಕೇ ಕೈಚೆಲ್ಲುತ್ತದೆ. ಮೋಟೆಲಿಗೆ ನೀನೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳು: ಟ್ರಕ್ಕೂ ದೋಣಿಯೂ ಸೇರಿ 45 ಅಡಿ ನಿಲ್ಲಿಸಲು ಜಾಗವಿದೆಯೇ, ಹೊರಗೆ ಪ್ಲಗ್ ಇದೆಯೇ. ಕೋಣೆ ನೆಲಮಹಡಿಯಲ್ಲಿರಲಿ, ಕಿಟಕಿಯಿಂದ ದೋಣಿ ಕಾಣಲಿ. ಎಕ್ಸ್‌ಟೆನ್ಷನ್ ತಂತಿ 12 ಗೇಜಿನದು ಒಯ್ಯಿ. ತೆಳ್ಳನೆಯದು ಕಾಯುತ್ತದೆ, ಚಾರ್ಜರಿಗೆ ವೋಲ್ಟೇಜ್ ಸಾಲುವುದಿಲ್ಲ. ತಂತಿಗಳು ಸೇರುವ ಕೊಂಡಿಯನ್ನು ನೆಲದಿಂದ ಎತ್ತಿ ಕಟ್ಟು, ಇಬ್ಬನಿ ಬಿದ್ದರೆ ಟ್ರಿಪ್ ಆಗುತ್ತದೆ.

ಅಗ್ಗದ್ದು ಬೇಕೆಂದರೆ ಕ್ಯಾಂಪ್‌ಗ್ರೌಂಡ್. ರೇಬರ್ನ್‌ನಲ್ಲಿ ಟ್ವಿನ್ ಡೈಕ್ಸ್, ಮಿಲ್ ಕ್ರೀಕ್ ಪಾರ್ಕುಗಳು ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವು. ಟೆಂಟ್ ಹೂಡುವುದಾದರೂ ಕರೆಂಟ್ ಇರುವ ಜಾಗವನ್ನೇ ಹಿಡಿ. ಬಾಡಿಗೆ ಮನೆಗಳಲ್ಲಿ ಕ್ಲೀನಿಂಗ್ ಶುಲ್ಕ ಒಂದು ರಾತ್ರಿಗೂ ಅಷ್ಟೇ, ನಾಲ್ಕು ರಾತ್ರಿಗೂ ಅಷ್ಟೇ. ನಾಲ್ವರು ಸೇರಿ ಅಭ್ಯಾಸದ ದಿನಗಳಿಂದಲೇ ಉಳಿದರೆ ಮಾತ್ರ ಗಿಟ್ಟುತ್ತದೆ. ಗಾಳಿ ಜೋರಾದರೆ ಪಂದ್ಯ ಮುಂದೆ ಹೋಗಬಹುದು, ಅದಕ್ಕೇ ರದ್ದು ಮಾಡಿದರೆ ಹಣ ವಾಪಸ್ ಬರುವ ಬುಕಿಂಗನ್ನೇ ಮಾಡು.

ಬೆಳಗಿನ ನಾಲ್ಕಕ್ಕೆ ಅಲ್ಲಿ ನಿನಗೆ ತಿಂಡಿ ಕೊಡುವವರು ಸಿಗುವುದು ಕಷ್ಟ. ರಾತ್ರಿಯೇ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿಕೋ. (ಮೀನು ತಿನ್ನದವನು ಐದು ಮೀನು ಹಿಡಿದು, ತೂಗಿಸಿ, ಮತ್ತೆ ನೀರಿಗೇ ಬಿಡಲು ಇಷ್ಟು ಖರ್ಚು ಮಾಡುವುದನ್ನು ನಿನ್ನ ಅಜ್ಜಿಗೆ ಹೇಗೆ ವಿವರಿಸುತ್ತೀಯೋ ಕಾಣೆ.)

ತೂಕದ ಚೀಟಿ ಕೈಗೆ ಬಂದ ಮೇಲೆ ಅದರ ಫೋಟೋ, ಬಾಗಿಲ ಕಂಬದ ಚೀಟಿಯ ಫೋಟೋ ಎರಡನ್ನೂ ಕಳಿಸು. ಹಿಚ್ ಬಾಲ್ 2 ಇಂಚಿನದೋ, 2 5/16 ಇಂಚಿನದೋ ಅಂತ ಟ್ರೇಲರಿನ ಮೂತಿಯಲ್ಲಿರುವ ಕಪ್ಲರ್ ಮೇಲೆ ಅಚ್ಚಾಗಿರುತ್ತದೆ, ಅದನ್ನೂ ಬರೆ.

ಇತಿ,
ನಿನ್ನ ಸೋದರಮಾವ