ಕತ್ತಿನ ಮೇಲೆ ಹಳದಿ ಗುಳ್ಳೆ ಕಂಡರೆ ಕಣ್ಣನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಕತ್ತಿನ ಕಪ್ಪು ಹೋಗಲು ಏನು ಹಚ್ಚಬೇಕು ಅಂತ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಕತ್ತಿನ ಮೇಲೆ ಬರುವ ಇನ್ನೊಂದು ಗುರುತಿನ ಬಗ್ಗೆ ಬರೆದದ್ದನ್ನು ನಾನಂತೂ ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೂ ದಯವಿಟ್ಟು ಹಾಕಿ.

ಆ ಗುರುತು ಹೀಗಿರುತ್ತದೆ. ಕತ್ತಿನ ಎರಡೂ ಪಕ್ಕ ಸಣ್ಣ ಸಣ್ಣ ಹಳದಿ ಗುಳ್ಳೆಗಳು. ನೋವಿಲ್ಲ, ಸಾಮಾನ್ಯವಾಗಿ ತುರಿಕೆಯೂ ಇಲ್ಲ. ಬರಬರುತ್ತಾ ಒಂದಕ್ಕೊಂದು ಕೂಡಿಕೊಂಡು ಆ ಜಾಗ ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಕಾಣುತ್ತದೆ, ಆಮೇಲೆ ಕಂಕುಳು, ಮೊಣಕೈ ಮಡಿಕೆ, ತೊಡೆಸಂದಿಯಲ್ಲೂ ಬಂದು ಚರ್ಮ ಜೋಲು ಬೀಳುತ್ತದೆ. ಎಷ್ಟೋ ಜನರಿಗೆ ಇದು ಹೈಸ್ಕೂಲು ವಯಸ್ಸಿನ ಆಸುಪಾಸಿನಲ್ಲೇ ಶುರುವಾಗುತ್ತದೆ. ಕಾಯಿಲೆಯ ಹೆಸರು ಸ್ಯೂಡೋಕ್ಸಾಂಥೋಮಾ ಇಲಾಸ್ಟಿಕಂ, ಡಾಕ್ಟರುಗಳು ಪಿಎಕ್ಸ್‌ಇ ಅಂತಾರೆ. 25 ಸಾವಿರದಿಂದ 1 ಲಕ್ಷ ಜನರಲ್ಲಿ ಒಬ್ಬರಿಗೆ ಇರುತ್ತದೆ ಅಂತ ಅಂದಾಜು.

ನನ್ನ ತಂಗಿಗೆ ಇದು ಇದೆ. ಓದುವಾಗಲೇ ಕತ್ತಿನ ಮೇಲೆ ಗುಳ್ಳೆ ಬಂದಿತ್ತು. ಉಮಾಗೋಲ್ಡ್ ಸರ ಹಾಕಿ ಅಲರ್ಜಿ ಆಗಿದೆ ಅಂದರು ಕೆಲವರು, ಇನ್ನು ಕೆಲವರು ಬಿಸಿಲಿಗೆ ಅಂದರು. ಚರ್ಮದ ಡಾಕ್ಟರು ಒಂದಾದ ಮೇಲೆ ಒಂದು ಮುಲಾಮು ಬರೆದುಕೊಟ್ಟರು. ಕಣ್ಣು ತೋರಿಸಿ ಅಂತ ಒಬ್ಬರೂ ಹೇಳಲಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೆ ಒಂದು ದಿನ ಅವಳಿಗೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣಲು ಶುರುವಾಯಿತು, ಕನ್ನಡಕದ ನಂಬರ್ ಬದಲಾಯಿಸಿ ಕಳಿಸಿದರು, ಮತ್ತೆ ಕೆಲವು ತಿಂಗಳು ಹಾಗೇ ಹೋಯಿತು. ಕೊನೆಗೆ ಬೆಂಗಳೂರಿನ ಒಬ್ಬ ರೆಟಿನಾ ಡಾಕ್ಟರು ಕಣ್ಣಿನ ಒಳಗೆ ನೋಡಿ, ತಕ್ಷಣ ಅವಳ ಕತ್ತಿನ ಕಡೆ ನೋಡಿದರು. ಅಷ್ಟು ಹೊತ್ತಿಗೆ ಎಡಗಣ್ಣಿನ ನಟ್ಟನಡುವಿನ ದೃಷ್ಟಿ ಹೋಗಿತ್ತು. ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡಿದ್ದಾರೆ.

ಕತ್ತಿಗೂ ಕಣ್ಣಿಗೂ ಏನು ಸಂಬಂಧ ಅಂತ ನಿಮಗೂ ಅನ್ನಿಸಬಹುದು. ನಮ್ಮ ಮೈಯಲ್ಲಿ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ನಾರುಗಳಿವೆ. ಚರ್ಮದಲ್ಲಿವೆ, ರಕ್ತನಾಳದ ಗೋಡೆಯಲ್ಲಿವೆ, ಕಣ್ಣಿನಲ್ಲಿ ರೆಟಿನಾದ ಹಿಂದಿರುವ ತೆಳು ಪೊರೆಯಲ್ಲೂ ಇವೆ. ಈ ಕಾಯಿಲೆಯಲ್ಲಿ ಆ ನಾರುಗಳ ಮೇಲೆ ಕ್ಯಾಲ್ಸಿಯಂ ಕೂರುತ್ತದೆ. ನಾರು ಗಡುಸಾಗಿ ತುಂಡಾಗುತ್ತದೆ. ಕಣ್ಣಿನ ಪೊರೆ ಬಿರುಕು ಬಿಡುತ್ತದೆ, ಆ ಬಿರುಕುಗಳಿಗೆ ಆಂಜಿಯಾಯ್ಡ್ ಸ್ಟ್ರೀಕ್ಸ್ ಅಂತಾರೆ. ಬರೀ ಬಿರುಕು ಇದ್ದಷ್ಟು ದಿನ ನೋಟಕ್ಕೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಆದರೆ ಮುಂದೆ ಅದರೊಳಗಿಂದ ಬೇಡದ ರಕ್ತನಾಳ ಬೆಳೆದು ಸೋರಿದಾಗ ನೇರ ಗೆರೆ ಸೊಟ್ಟಗೆ ಕಾಣುತ್ತದೆ. ಆಗಲೇ ಹೋದರೆ ಬೆವಾಸಿಜುಮ್ಯಾಬ್‌ನಂಥ ಔಷಧಿಯನ್ನು ಕಣ್ಣಿಗೇ ಚುಚ್ಚಿ ಸೋರುವುದನ್ನು ತಡೆಯಬಹುದು. ತಡವಾಗಿ ಕಲೆ ಕಟ್ಟಿದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಚರ್ಮದ್ದೂ ಕಣ್ಣಿನದ್ದೂ ಒಂದೇ ಕಾಯಿಲೆ ಅಂತ ತೋರಿಸಿದ್ದು ಸ್ವೀಡನ್ನಿನ ಇಬ್ಬರು ಡಾಕ್ಟರುಗಳು. ಗ್ರೋನ್‌ಬ್ಲಾಡ್ ಕಣ್ಣಿನವರು, ಸ್ಟ್ರಾಂಡ್‌ಬರ್ಗ್ ಚರ್ಮದವರು. ಅದು 1929ರಲ್ಲಿ. ಇಷ್ಟು ವರ್ಷ ಆದಮೇಲೂ ಚರ್ಮದ ಡಾಕ್ಟರ ಚೀಟಿಯಲ್ಲಿ 'ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಒಳಗೆ ನೋಡಿಸಿ' ಅನ್ನುವ ಒಂದು ಸಾಲು ಬರಬಾರದಾ? ನನಗೆ ಸಿಟ್ಟು ಬರುವುದು ಇಲ್ಲೇ. ಡ್ರಾಪ್ಸ್ ಹಾಕಿ ರೆಟಿನಾ ನೋಡಲು ದೊಡ್ಡ ಖರ್ಚೂ ಇಲ್ಲ, ಕಣ್ಣಿನ ಡಾಕ್ಟರು ಇರುವ ಯಾವ ಆಸ್ಪತ್ರೆಯಲ್ಲಾದರೂ ಆಗುವ ಕೆಲಸ.

ಇನ್ನೊಂದು ಮಾತು, ಹೆಂಗಸರು ದಯವಿಟ್ಟು ಗಮನಿಸಿ. ಕ್ಯಾಲ್ಸಿಯಂ ಅಂದ ಕೂಡಲೇ ರಾಗಿ ಬಿಡು, ಹಾಲು ಬಿಡು ಅಂತ ಎಲ್ಲರೂ ತಂಗಿಗೆ ಹೇಳಿದರು. ಪಾಪ, ಅವಳು ಮುದ್ದೆಯನ್ನೇ ಬಿಟ್ಟಿದ್ದಳು. ಇದು ಊಟದಿಂದ ಬರುವ ಕಾಯಿಲೆ ಅಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಎಲ್ಲರಿಗೂ ಇರುವಷ್ಟೇ ಇರುತ್ತದೆ. ತೊಂದರೆ ಇರುವುದು ಎಬಿಸಿಸಿ6 ಅನ್ನುವ ಜೀನ್‌ನಲ್ಲಿ. ಅದು ಮುಖ್ಯವಾಗಿ ಲಿವರ್‌ನಲ್ಲಿ ಕೆಲಸ ಮಾಡುತ್ತದೆ. ಅದು ಸರಿಯಾಗಿದ್ದರೆ ರಕ್ತದಲ್ಲಿ ಪೈರೋಫಾಸ್ಫೇಟ್ ಸಾಕಷ್ಟು ಇದ್ದು, ಬೇಡದ ಕಡೆ ಕ್ಯಾಲ್ಸಿಯಂ ಕೂರದಂತೆ ತಡೆಯುತ್ತದೆ, ಜೀನ್ ಕೆಟ್ಟಾಗ ಆ ತಡೆ ಕಡಿಮೆ ಆಗುತ್ತದೆ. ಈ ಜೀನ್ ಗೊತ್ತಾಗಿದ್ದು 2000ದಲ್ಲಿ. ಅದರ ಹಿಂದೆ ಅಮೆರಿಕದ ಶರೋನ್ ಟೆರ್ರಿ, ಪ್ಯಾಟ್ರಿಕ್ ಟೆರ್ರಿ ಅನ್ನುವ ದಂಪತಿಯ ದೊಡ್ಡ ಶ್ರಮ ಇದೆ. ಇಬ್ಬರೂ ವಿಜ್ಞಾನ ಓದಿದವರಲ್ಲ. ತಮ್ಮ ಎರಡೂ ಮಕ್ಕಳಿಗೆ ಪಿಎಕ್ಸ್‌ಇ ಇದೆ ಅಂತ ಗೊತ್ತಾದ ಮೇಲೆ 1995ರಲ್ಲಿ ಪಿಎಕ್ಸ್‌ಇ ಇಂಟರ್‌ನ್ಯಾಷನಲ್ ಕಟ್ಟಿ, ಬೇರೆ ಬೇರೆ ಕಡೆಯ ರೋಗಿಗಳನ್ನು ಒಟ್ಟು ಮಾಡಿ, ರಕ್ತದ ಸ್ಯಾಂಪಲ್ ಸೇರಿಸಿ ಸಂಶೋಧಕರಿಗೆ ಕೊಟ್ಟರು. ಓದಿದಾಗ ನನಗೆ ಎಷ್ಟು ಧೈರ್ಯ ಬಂತು ಅಂದರೆ, ಈ ಪತ್ರ ಬರೆಯಲು ಕೂತಿದ್ದೇ ಅದರಿಂದ.

ಈಗ ನಮ್ಮ ಕಡೆಯ ವಿಷಯ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಮಗುವಿಗೆ ಈ ಕಾಯಿಲೆ ಬರುತ್ತದೆ. ಒಂದೊಂದೇ ಇರುವ ತಂದೆ ತಾಯಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಆದರೆ ಅವರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ. ನಮ್ಮ ಅಮ್ಮನನ್ನು ಕೊಟ್ಟಿದ್ದು ಅವರ ಸೋದರಮಾವನಿಗೇ. ಕರ್ನಾಟಕದಲ್ಲಿ ಇವತ್ತಿಗೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗುತ್ತದೆ. ಹಾಗಂತ ಅಮ್ಮನನ್ನು ಬೈಯಬೇಡಿ. ನಮ್ಮ ಮನೆಯಲ್ಲಿ ಅದು ಬೇಕಾದಷ್ಟು ಆಗಿದೆ. ಏನೂ ಸಂಬಂಧ ಇಲ್ಲದವರ ಮಕ್ಕಳಿಗೂ ಇದು ಬರುತ್ತದೆ. ನಾನು ಹೇಳುವುದು ಇಷ್ಟೇ, ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಕತ್ತು, ಕಣ್ಣು ನೋಡಿಸಿ, ಮತ್ತೆ ಸಂಬಂಧದಲ್ಲೇ ಹೆಣ್ಣು ಗಂಡು ಗೊತ್ತು ಮಾಡುವ ಮೊದಲು ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ.

ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಮೂಳೆಗೆ ಕೊಡುವ ಎಟಿಡ್ರೋನೇಟ್ ಅನ್ನುವ ಹಳೆಯ ಮಾತ್ರೆಯನ್ನು 74 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಪರೀಕ್ಷಿಸಿದ್ದಾರೆ, ಮಾತ್ರೆ ತಗೊಂಡವರ ಕಾಲಿನ ರಕ್ತನಾಳದಲ್ಲಿ ಕ್ಯಾಲ್ಸಿಯಂ ಹೆಚ್ಚಾಗುವುದು ತಗ್ಗಿದೆ. ಅದು ಎಲ್ಲರಿಗೂ ಸಿಗುವ ಹೊತ್ತಿಗೆ ಕಾಯುತ್ತಾ ಕೂರಬೇಕಿಲ್ಲ, ಮನೆಯಲ್ಲೇ ಮಾಡುವುದು ಬೇಕಾದಷ್ಟಿದೆ. ಮಕ್ಕಳ ಚೌಕುಳಿ ಪುಸ್ತಕದ ಒಂದು ಹಾಳೆಯ ಮಧ್ಯೆ ಚುಕ್ಕೆ ಇಟ್ಟು, ಒಂದೊಂದೇ ಕಣ್ಣು ಮುಚ್ಚಿಕೊಂಡು ಆ ಚುಕ್ಕೆಯನ್ನೇ ನೋಡಿ. ಗೆರೆ ಸೊಟ್ಟಗಾದರೆ, ಎಲ್ಲಾದರೂ ಮಾಯವಾದರೆ ಅವತ್ತೇ ರೆಟಿನಾ ಡಾಕ್ಟರ ಹತ್ತಿರ ಹೋಗಿ. ಕಣ್ಣಿಗೆ ಪೆಟ್ಟು ಬೀಳಬಾರದು, ಆ ಪೊರೆ ಸುಲಭವಾಗಿ ಸೀಳುತ್ತದೆ. ಹಾಗಾಗಿ ಕಾಯಿಲೆ ಇರುವ ಹುಡುಗರು ಕಣ್ಣಿಗೆ ರಕ್ಷಣೆಯ ಗಾಗಲ್ಸ್ ಇಲ್ಲದೆ ಕಾರ್ಕ್ ಬಾಲಿನಲ್ಲಿ ಆಡುವುದು ಬೇಡ. ಕೆಲವರಿಗೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುವುದುಂಟು, ಆದ್ದರಿಂದ ಮೈಕೈ ನೋವು ಅಂತ ಸುಮ್ನೆ ಮೆಡಿಕಲ್ ಶಾಪಿನಿಂದ ಆಸ್ಪಿರಿನ್, ಬ್ರೂಫೆನ್ ತಂದು ನುಂಗಬೇಡಿ, ಡಾಕ್ಟರನ್ನು ಕೇಳಿ. ಬೀಡಿ ಸಿಗರೇಟು ಬಿಡಲೇಬೇಕು.

ಶಾಲೆಗಳಿಗೆ ಆರೋಗ್ಯ ತಪಾಸಣೆಗೆ ಬರುವ ತಂಡದವರಲ್ಲೂ ಒಂದು ಕೋರಿಕೆ: ಹಲ್ಲು, ತೂಕ ನೋಡುವಾಗ ಕತ್ತಿನ ಕಡೆಯೂ ಒಮ್ಮೆ ಕಣ್ಣು ಹಾಯಿಸಿ.

ಒಬ್ಬ ಅಣ್ಣ,
ಹಾಸನ ಜಿಲ್ಲೆ