ಬೋರ್ಡ್ ಕಾರ್ಖಾನೆ ನಮ್ಮ ಕಡೆಗೂ ಬರಲಿ, ಸಣ್ಣದಾದರೂ ಸಾಕು

ಮಾನ್ಯ ಸಂಪಾದಕರೇ,

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ತಯಾರಿಕೆಗೆ ಕೇಂದ್ರ ಸರ್ಕಾರ ಕೊಡುತ್ತಿರುವ ನೆರವಿನ ಬಗ್ಗೆ ಪತ್ರಿಕೆಯಲ್ಲಿ ಏನು ಬಂದರೂ ನಾನು ಬಿಡದೆ ಓದುತ್ತೇನೆ. ನನ್ನ ಹೊಟ್ಟೆಪಾಡೇ ಅದರ ಮೇಲಿದೆ. ಕಲಬುರಗಿಯಲ್ಲಿ ದಾಲ್ ಮಿಲ್‌ಗಳಿಗೆ ಕಂಟ್ರೋಲ್ ಪ್ಯಾನೆಲ್, ರೈತರ ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಫೋನಿನಿಂದ ಚಾಲೂ ಮಾಡುವ ಸ್ಟಾರ್ಟರ್ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ನನ್ನದು. ರಿಲೇ, ಟ್ರಾನ್ಸ್‌ಫಾರ್ಮರ್, ಡಬ್ಬಿ ಎಲ್ಲ ಇಲ್ಲೇ ಇಲ್ಲವೇ ಹೈದರಾಬಾದ್‌ನಲ್ಲಿ ಸಿಗುತ್ತದೆ. ಅದನ್ನೆಲ್ಲ ಕೂರಿಸುವ ಬೋರ್ಡಿಗೆ ಮಾತ್ರ ಪ್ರತಿ ಸಲ ದೂರದವರ ದಾರಿ ಕಾಯಬೇಕು. ಈ ಪತ್ರ ಅದರ ಬಗ್ಗೆ.

2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 22,919 ಕೋಟಿ ರೂಪಾಯಿಯ ಬಿಡಿಭಾಗ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಮೊದಲ ಕಂತಿನ ಏಳು ಕಾರ್ಖಾನೆಗಳ ಹೆಸರು ಹೊರಬಿತ್ತು. ಐದು ತಮಿಳುನಾಡಿಗೆ, ಒಂದು ಆಂಧ್ರಕ್ಕೆ, ಒಂದು ಮಧ್ಯಪ್ರದೇಶಕ್ಕೆ. ಹೆಚ್ಚಿನವು ಪಿಸಿಬಿ, ಅಂದರೆ ನಾನು ಹೇಳುತ್ತಿರುವ ಈ ಬೋರ್ಡ್, ಇಲ್ಲವೇ ಅದಕ್ಕೆ ಬೇಕಾದ ಹಾಳೆಯ ಕಾರ್ಖಾನೆಗಳು. ತಮಿಳುನಾಡಿಗೆ ಹೋದ ಐದರಲ್ಲಿ ನಾಲ್ಕು ಕೇನ್ಸ್ ಗುಂಪಿನವು. ಈ ಕೇನ್ಸ್ 1988ರಲ್ಲಿ ನಮ್ಮ ಮೈಸೂರಿನಲ್ಲೇ ಶುರುವಾದ ಕಂಪನಿ. ಆ ಪಟ್ಟಿಯಲ್ಲಿ ಕರ್ನಾಟಕಕ್ಕೆ ಒಂದೂ ಬರಲಿಲ್ಲ ಅಂದ ಮೇಲೆ ಕಲಬುರಗಿ, ಬೀದರ್, ಯಾದಗಿರಿಯ ಮಾತು ಎಲ್ಲಿಂದ ಬರಬೇಕು? ಇಲ್ಲಿ ಇದರ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ ಅನ್ನೋದೇ ನನ್ನ ಬೇಸರ.

ಗೊತ್ತಿಲ್ಲದವರಿಗೆ ಒಂದು ಮಾತು. ಟಿವಿ, ಸ್ಟೆಬಿಲೈಜರ್, ಮೊಬೈಲ್ ಯಾವುದನ್ನೇ ಬಿಚ್ಚಿದರೂ ಒಳಗೆ ಹಸಿರು ಬೋರ್ಡ್ ಕಾಣುತ್ತದಲ್ಲ, ಅದೇ ಪಿಸಿಬಿ. ಗಾಜಿನ ನಾರು ಮತ್ತು ಎಪಾಕ್ಸಿ ಸೇರಿಸಿ ಮಾಡಿದ ಹಾಳೆ, ಅದರ ಮೇಲೆ ತಾಮ್ರದ ಪದರ. ಬೇಕಾದ ಗೆರೆ ಉಳಿಸಿಕೊಂಡು ಮಿಕ್ಕ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆಯುತ್ತಾರೆ. ಉಳಿದ ಗೆರೆಗೆ ಟ್ರ್ಯಾಕ್ ಅಂತೀವಿ. ಆಮೇಲೆ ತೂತು ಕೊರೆದು, ತೂತಿನ ಒಳಗೋಡೆಗೂ ತಾಮ್ರ ಹಿಡಿಸಿ, ಮೇಲೆ ಹಸಿರು ಲೇಪ ಕೊಡುತ್ತಾರೆ. ಸಾಮಾನ್ಯ ಬೋರ್ಡಿನ ದಪ್ಪ 1.6 ಮಿಲಿಮೀಟರ್. ಅದರ ಮೇಲಿನ ತಾಮ್ರ ಬರೀ 35 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್.

ಈ 35 ಮೈಕ್ರಾನ್ ನಮ್ಮ ಕಡೆಯ ಬಿಸಿಲಿಗೆ ಸಾಲುವುದಿಲ್ಲ. ಕಳೆದ ಬೇಸಿಗೆಯಲ್ಲಿ ಆಳಂದ ಕಡೆಯ ರೈತರೊಬ್ಬರು ಸ್ಟಾರ್ಟರ್ ಡಬ್ಬಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ವರ್ಕ್‌ಶಾಪಿಗೆ ಬಂದರು. "ಅಣ್ಣಾರ, ಬೋರ್ಡ್ ಸುಟ್ಟದ ನೋಡ್ರಿ, ಹೊಲದಾಗ ಕಾಯಿಪಲ್ಯ ಒಣಗಲತ್ತದ" ಅಂದರು. ಬಿಚ್ಚಿ ನೋಡಿದರೆ ರಿಲೇ ಕಾಲಿನ ಪಕ್ಕದ ಟ್ರ್ಯಾಕ್ ಹಾಳೆಯಿಂದ ಎದ್ದು ಸುರುಳಿಯಾಗಿತ್ತು. ಕೆಳಗಿನ ಗಾಜಿನ ನಾರು ಕಂದು ಬಣ್ಣಕ್ಕೆ ತಿರುಗಿತ್ತು. ಸಿಂಗಲ್ ಫೇಸ್ ಮೋಟಾರಿನ ಪೂರ್ತಿ ಕರೆಂಟ್ ಆ ಗೆರೆಯ ಮೇಲೇ ಹರಿಯುತ್ತದೆ. ಹೊಲದಲ್ಲಿ ನೆರಳಿಲ್ಲ, ತಗಡಿನ ಡಬ್ಬಿ ಬೇರೆ. ಅದಕ್ಕಂತಲೇ ನಾನು 70 ಮೈಕ್ರಾನ್ ತಾಮ್ರದ ಬೋರ್ಡ್ ಕೇಳಿದ್ದೆ, ಆರ್ಡರ್ ಕಾಗದದಲ್ಲೂ ಬರೆದಿದ್ದೆ. ಎದ್ದು ಬಂದ ಟ್ರ್ಯಾಕನ್ನು ಸ್ಕ್ರೂಗೇಜ್‌ನಲ್ಲಿ ಹಿಡಿದು ನೋಡಿದರೆ ಅದು ಕಟ್ಟಾ 35ರದ್ದು. ಬೋರ್ಡ್ ಕಳಿಸಿದವರಿಗೆ ಫೋನ್ ಮಾಡಿದೆ. "ನಿಮ್ದು ಸಣ್ಣ ಆರ್ಡರ್ ಸಾರ್, ದಪ್ಪ ಕಾಪರ್ ಹಾಳೆ ಸ್ಟಾಕ್ ಇರಲಿಲ್ಲ" ಅಂದುಬಿಟ್ಟರು. ಅವರ ಹೆಸರು ಇಲ್ಲಿ ಬೇಡ. ಸಣ್ಣ ಆರ್ಡರಿನವರಿಗೆ ಎಲ್ಲ ಕಡೆ ಸಿಗುವ ಉತ್ತರ ಇದೇ.

ನಮ್ಮ ಮೆಕ್ಯಾನಿಕ್ ಹುಡುಗರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಟ್ರ್ಯಾಕ್ ಮೇಲೆ ಉದ್ದಕ್ಕೂ ಸೀಸ ಎಳೆದು ದಪ್ಪ ಮಾಡುತ್ತಾರೆ, ಇಲ್ಲವೇ ತಾಮ್ರದ ತಂತಿ ಇಟ್ಟು ಬೆಸುಗೆ ಹಾಕುತ್ತಾರೆ. ಒಂದು ಸೀಸನ್ ನಡೆಯುತ್ತದೆ. ಆದರೆ ಅದು ರಿಪೇರಿ ಕೆಲಸ. ಹೊಸ ಮಾಲಿಗೆ ಹಾಗೆ ಮಾಡಿ ರೈತರ ಕೈಗೆ ಕೊಡೋಕೆ ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಬೋರ್ಡ್ ಕಾರ್ಖಾನೆ ಆಗಬೇಕು ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಚೀನಾದ ರೇಟಿಗೆ ನಾವು ನಿಲ್ಲೋಕೆ ಆಗಲ್ಲ. ಅರ್ಧ ಸರಿ. ಜಗತ್ತಿನ ಪಿಸಿಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚೀನಾದಲ್ಲೇ ಆಗುತ್ತದೆ. ಒಂದೇ ಡಿಸೈನನ್ನು ಲಕ್ಷಗಟ್ಟಲೆ ಹೊರತೆಗೆಯುವ ಕೆಲಸದಲ್ಲಿ ಪೈಸೆ ಪೈಸೆಗೂ ಪೈಪೋಟಿ. ಅಲ್ಲಿಗೆ ನಾವು ಕೈ ಹಾಕಬಾರದು. ಆದರೆ ಈ ಧಂದೆಯಲ್ಲಿ ಇನ್ನೊಂದು ಥರದವರಿದ್ದಾರೆ. ರೆಡಿಮೇಡ್ ಅಂಗಡಿ ಪಕ್ಕದಲ್ಲೇ ಒಳ್ಳೆ ದರ್ಜಿ ಬದುಕುತ್ತಾನಲ್ಲ, ಹಾಗೆ. ಹತ್ತು, ಐವತ್ತು, ಇನ್ನೂರು ಪೀಸ್ ಆರ್ಡರನ್ನೂ ಇವರು ತಗೊಳ್ಳುತ್ತಾರೆ. ಎಲ್‌ಇಡಿ ದೀಪ ಬಿಸಿಯಾಗುತ್ತೆ ಅಂತ ಅಲ್ಯೂಮಿನಿಯಂ ತಳದ ಬೋರ್ಡ್, ರೇಡಾರ್ ಮತ್ತು ಆಂಟೆನಾಗೆ ಟೆಫ್ಲಾನ್ ಜಾತಿಯ ಹಾಳೆಯ ಬೋರ್ಡ್, ಮಡಚೋ ಜಾಗಕ್ಕೆ ಪಾಲಿಇಮೈಡ್ ಬೋರ್ಡ್, ನನ್ನಂಥವರಿಗೆ ದಪ್ಪ ತಾಮ್ರದ ಬೋರ್ಡ್. ಒಂದೊಂದಕ್ಕೂ ಡ್ರಿಲ್ಲಿಂಗ್ ಬೇರೆ, ಒತ್ತುವ ಶಾಖ ಬೇರೆ. ಪೀಸಿಗೆ ರೇಟು ಜಾಸ್ತಿ. ಆದರೂ ಗಿರಾಕಿ ಕೊಡುತ್ತಾನೆ, ಯಾಕೆಂದರೆ ಅವನಿಗೆ ಬೇಕಾದ್ದು ಬೇರೆ ಕಡೆ ಅಷ್ಟು ಬೇಗ, ಅಷ್ಟು ಕಮ್ಮಿ ಸಂಖ್ಯೆಯಲ್ಲಿ ಸಿಗುವುದಿಲ್ಲ.

ಈ ಥರದ ಕಾರ್ಖಾನೆಗೆ ಮಾರುಕಟ್ಟೆಯಲ್ಲಿ ಗಟ್ಟಿ ಜಾಗ ಸಿಗೋದು ಹೇಗೆ ಅನ್ನೋದನ್ನು ನಮ್ಮ ಅಧಿಕಾರಿಗಳು, ಬ್ಯಾಂಕಿನವರು ತಿಳಿದುಕೊಳ್ಳಬೇಕು. ವಿಮಾನ, ಕ್ಷಿಪಣಿ, ಆಸ್ಪತ್ರೆಯ ಯಂತ್ರ ಮಾಡುವವರು ಬೋರ್ಡ್ ಕೊಡುವವರನ್ನು ಒಪ್ಪಿಕೊಳ್ಳುವ ಮುಂಚೆ ತಿಂಗಳುಗಟ್ಟಲೆ ಪರೀಕ್ಷೆ ಮಾಡುತ್ತಾರೆ. ಬೋರ್ಡ್ ಕತ್ತರಿಸಿ ತೂತಿನ ಒಳಗಿನ ತಾಮ್ರ ನೋಡುತ್ತಾರೆ, ಬಿಸಿ ಮಾಡಿ ತಣ್ಣಗೆ ಮಾಡಿ ನೋಡುತ್ತಾರೆ, ಕಾರ್ಖಾನೆಗೇ ಬಂದು ದಾಖಲೆ ತಿರುವಿ ಹಾಕುತ್ತಾರೆ. ಒಮ್ಮೆ ಪಾಸಾದರೆ ಹತ್ತಿಪ್ಪತ್ತು ರೂಪಾಯಿ ಉಳಿಸೋಕೆ ಅಂತ ಬಿಟ್ಟು ಹೋಗುವುದಿಲ್ಲ, ಯಾಕೆಂದರೆ ಹೊಸಬರನ್ನು ಹಿಡಿದರೆ ಪರೀಕ್ಷೆ ಎಲ್ಲ ಮೊದಲಿಂದ ಶುರು. ಇಂಥ ಕಂಪನಿಯ ನಿಜವಾದ ಆಸ್ತಿ ಆ ನಂಬಿಕೆ. ಮಷೀನು ರೊಕ್ಕ ಇದ್ದರೆ ಯಾರು ಬೇಕಾದರೂ ತರಬಹುದು.

ನಂಜನಗೂಡನ್ನೇ ನೋಡಿ. ಆಸ್ಟ್ರಿಯಾದ ಲಿಯೋಬೆನ್ ಊರಿನ ಎಟಿ ಅಂಡ್ ಎಸ್ ಕಂಪನಿ 1999ರಲ್ಲಿ ಅಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ತಗೊಂಡಿತು. ಇವತ್ತು ಅದು ದೇಶದ ದೊಡ್ಡ ಪಿಸಿಬಿ ಕಾರ್ಖಾನೆಗಳಲ್ಲಿ ಒಂದು. ವಾಹನ, ಕೈಗಾರಿಕೆ, ವೈದ್ಯಕೀಯ ಉಪಕರಣಗಳಿಗೆ ಅಲ್ಲಿಂದ ಬೋರ್ಡ್ ಹೋಗುತ್ತದೆ. ನಂಜನಗೂಡು ಮಹಾನಗರವೇನಲ್ಲ, ಅಲ್ವಾ? ಅಲ್ಲಿ ಆಗಿದ್ದು ಬೀದರ್‌ನಲ್ಲಿ ಯಾಕೆ ಆಗಬಾರದು?

ಬೀದರ್ ಅಂತ ಸುಮ್ನೆ ಹೇಳುತ್ತಿಲ್ಲ. ಅಲ್ಲಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಹೈದರಾಬಾದ್‌ನಲ್ಲಿ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಇದೆ, ಕ್ಷಿಪಣಿ ಮಾಡುವ ಭಾರತ್ ಡೈನಾಮಿಕ್ಸ್ ಇದೆ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಲ್ಯಾಬ್‌ಗಳಿವೆ. ಅವುಗಳ ಸುತ್ತ ಬೆಳೆದ ಸಣ್ಣಪುಟ್ಟ ಎಲೆಕ್ಟ್ರಾನಿಕ್ಸ್ ಘಟಕಗಳೂ ಬೇಕಾದಷ್ಟಿವೆ. ಇವರಿಗೆಲ್ಲ ಬೇಕಾದ್ದು ಕಮ್ಮಿ ಸಂಖ್ಯೆಯ, ಹೆಚ್ಚು ಕಸುಬಿನ ಬೋರ್ಡೇ. ಬೆಂಗಳೂರಿಂದ ಅಲ್ಲಿಗೆ ಇದರ ನಾಲ್ಕು ಪಟ್ಟು ದೂರ. ಬೀದರ್‌ನಿಂದ ಬೆಳಿಗ್ಗೆ ಹೊರಟ ಮಾಲು ಊಟದ ಹೊತ್ತಿಗೆ ಗಿರಾಕಿ ಕೈ ಸೇರುತ್ತದೆ. ಡಿಸೈನ್ ಮಾಡಿದವನು ಅನುಮಾನ ಬಂದರೆ ತಾನೇ ಬಂದು ನಿಂತು ನೋಡಿಕೊಂಡು ಹೋಗಬಹುದು. ಗಡಿ ಜಿಲ್ಲೆ ಅಂತ ನಾವು ಕೊರಗುತ್ತೇವೆ, ಈ ವ್ಯಾಪಾರದಲ್ಲಿ ಗಡಿಯಲ್ಲಿರೋದೇ ನಮಗೆ ಲಾಭ. ಇನ್ನು ಈ ಕಡೆ ಕಲಬುರಗಿಯ ದಾಲ್ ಮಿಲ್‌ಗಳು, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಇವೆ. ಹಳೇ ಮಷೀನಿನ ಕಂಟ್ರೋಲ್ ಕಾರ್ಡ್ ಸುಟ್ಟರೆ, ಆ ಮಾಡೆಲ್ ಕಂಪನಿಯವರೇ ನಿಲ್ಲಿಸಿರುತ್ತಾರೆ. ಕಾರ್ಡನ್ನು ನೋಡಿ ಹೊಸದಾಗಿ ಡಿಸೈನ್ ಎಳೆದು ನಾಲ್ಕು ಪೀಸ್ ಮಾಡಿಕೊಡುವವರು ಹತ್ತಿರದಲ್ಲಿ ಇದ್ದರೆ ಮಿಲ್ಲಿನವರು ಎರಡು ಪಟ್ಟು ಕೊಟ್ಟು ಮಾಡಿಸುತ್ತಾರೆ. ತೊಗರಿ ಸುಗ್ಗಿಯಲ್ಲಿ ಮಿಲ್ ಒಂದು ದಿನ ನಿಂತರೆ ಎಷ್ಟು ನಷ್ಟ ಅನ್ನೋದು ಅವರಿಗೇ ಗೊತ್ತು.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ತಾಮ್ರ ಹಚ್ಚಿದ ಹಾಳೆ ಬಹುಪಾಲು ಹೊರದೇಶದಿಂದಲೇ ಬರಬೇಕು, ಹಾಗಾಗಿ ತಾಮ್ರದ ರೇಟು ಏರಿದರೂ ಡಾಲರ್ ಏರಿದರೂ ಪೆಟ್ಟು. ಗಿರಾಕಿಗಳು ಕೈಬೆರಳೆಣಿಕೆಯಷ್ಟೇ ಇದ್ದರೆ ಒಬ್ಬರು ಆರ್ಡರ್ ಮುಂದೂಡಿದರೂ ಸಂಬಳಕ್ಕೆ ಪರದಾಟ. ಪ್ಲೇಟಿಂಗ್, ಅಂದರೆ ತಾಮ್ರ ಹಿಡಿಸುವ ಕೆಲಸ, ನಡೆಯುವಾಗ ಕರೆಂಟ್ ಹೋದರೆ ತೊಟ್ಟಿಯಲ್ಲಿದ್ದ ಮಾಲು ಹಾಳಾಗಬಹುದು. ಇನ್ನು 2024ರಲ್ಲಿ ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ, ತಾಮ್ರದ ಆರು ಲೇಯರ್‌ವರೆಗಿನ ಪಿಸಿಬಿಗಳ ಮೇಲೆ ಕೇಂದ್ರ ಆ್ಯಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯೋದನ್ನು ತಡೆಯುವ ಸುಂಕ, ಹಾಕಿತು. ದೇಶದ ಕಾರ್ಖಾನೆ ಉಳಿಯಲಿ ಅನ್ನೋ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಹೊರಗಿನ ಬೋರ್ಡ್ ತುಟ್ಟಿಯಾದಾಗ ಒಳಗಿನವರು ಸಣ್ಣ ಆರ್ಡರ್ ಮುಟ್ಟದೇ ಹೋದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು? ಸುಂಕದ ಜೊತೆಗೆ ಸಣ್ಣ ಆರ್ಡರ್ ಮಾಡುವ ಘಟಕಗಳೂ ಬರಬೇಕು. ಆಗಲೇ ಅದರ ಲಾಭ ನಮ್ಮ ಹಳ್ಳಿಯ ಸ್ಟಾರ್ಟರ್ ಡಬ್ಬಿಯವರೆಗೂ ಬರೋದು.

ಎಲ್ಲಕ್ಕಿಂತ ದೊಡ್ಡ ವಿಷಯ ನೀರು. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು ಸುತ್ತಲಿನ ಹಳ್ಳಿಯವರು ರಾಸಾಯನಿಕ ಘಟಕಗಳ ವಾಸನೆ, ಕೊಳಚೆ ನೀರಿನ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಅವರ ಮಾತನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ರಾಸಾಯನಿಕದ ಕೆಲಸ ತಂದು ಕೂರಿಸಿದರೆ ನಾನೇ ವಿರೋಧ ಮಾಡುತ್ತೇನೆ. ಪಿಸಿಬಿ ಮಾಡುವಾಗ ಪ್ರತಿ ಹಂತದಲ್ಲೂ ಬೋರ್ಡ್ ತೊಳೆಯಬೇಕು, ತೊಳೆದ ನೀರಲ್ಲಿ ತಾಮ್ರ ಇರುತ್ತದೆ, ಆಮ್ಲ ಇರುತ್ತದೆ. ಚಿನ್ನದ ಲೇಪ ಕೊಡುವ ತೊಟ್ಟಿಯಲ್ಲಿ ಸಯನೈಡ್ ಉಪ್ಪು ಕೂಡ ಬಳಸುತ್ತಾರೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮೊದಲು ನೀರು ಶುದ್ಧ ಮಾಡಿ ಮತ್ತೆ ಬಳಸುವ ಘಟಕ ಕಟ್ಟಲಿ, ಅದು ನಡೆಯುತ್ತಿದೆ ಅಂತ ಊರವರಿಗೆ ತೋರಿಸಲಿ, ಆಮೇಲೆ ಮಷೀನು ತರಲಿ. ಶುರುವಿನಲ್ಲಿ ಚಿನ್ನದ ಲೇಪ ಬೇಡವೇ ಬೇಡ, ತವರದ ಲೇಪ ಸಾಕು. ತಾಮ್ರ ಕರಗಿದ ಹಳೇ ದ್ರಾವಣ ಕೂಡ ಚೆಲ್ಲುವ ವಸ್ತುವಲ್ಲ. ಅದರಿಂದ ಮೈಲುತುತ್ತ ತೆಗೆಯುತ್ತಾರೆ, ದ್ರಾಕ್ಷಿ ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ, ಅದೇ. ಇನ್ನೊಂದು ವಿಷಯ, ಬೀದರ್‌ನ ಬಿದರಿ ಕುಶಲಕರ್ಮಿಗಳು ಚಿತ್ರ ಕೆತ್ತುವ ಮುಂಚೆ ಲೋಹವನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳೋದೂ ಮೈಲುತುತ್ತದಿಂದಲೇ. ಪಿಸಿಬಿಯ ಪ್ಲೇಟಿಂಗ್ ತೊಟ್ಟಿಯಲ್ಲೂ ಇರೋದು ಅದೇ ಉಪ್ಪು. ಲೋಹ ಮತ್ತು ರಾಸಾಯನಿಕ ಎರಡನ್ನೂ ಕೈಯಲ್ಲಿ ಹಿಡಿದು ಸೂಕ್ಷ್ಮ ಕೆಲಸ ಮಾಡಿದ ಊರು ಅದು. ಅಲ್ಲಿ ಇದಕ್ಕೆ ಕೈ ಪಳಗೋದು ಕಷ್ಟವಾಗಲ್ಲ.

ಓದಿದ ಹುಡುಗರಿಗೂ ಬರ ಇಲ್ಲ. ಕಲಬುರಗಿಯ ಪಿಡಿಎ ಕಾಲೇಜು 1958ರಿಂದ ಎಂಜಿನಿಯರ್‌ಗಳನ್ನು ಕೊಡುತ್ತಿದೆ, ಬೀದರ್‌ನ ಗುರುನಾನಕ್ ದೇವ್ ಕಾಲೇಜು 1980ರಿಂದ. ಪಾಲಿಟೆಕ್ನಿಕ್‌ಗಳು, ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಬೇರೆ. ಡಿಪ್ಲೊಮಾ ಮುಗಿಸಿದ ಹುಡುಗರು ಪೀಣ್ಯ, ಪುಣೆ ಅಂತ ಹೋಗಿ ಶೇರಿಂಗ್ ರೂಮಿನಲ್ಲಿ ಇರುತ್ತಾರೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗರೂ ಹಾಗೇ ಹೋದರು. ಹೋಗಬೇಡ ಅನ್ನೋಕೆ ನನ್ನ ಹತ್ತಿರ ಏನಿದೆ?

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಜಾರಿಗೆ ಬಂದಿದ್ದು 2013ರಲ್ಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗುತ್ತಿದೆ. ರಸ್ತೆ, ಶಾಲೆ ಕೋಣೆ, ಆಸ್ಪತ್ರೆ ಎಲ್ಲ ಬೇಕು, ಬೇಡ ಅನ್ನಲ್ಲ. ಅದರಲ್ಲಿ ಒಂದು ಚೂರು ತೆಗೆದು, ಕೇಂದ್ರದ ಸಣ್ಣ ಉದ್ಯಮ ಕ್ಲಸ್ಟರ್ ಯೋಜನೆಯ ಹಣ ಜೊತೆಗೆ ಸೇರಿಸಿ, ಕಲಬುರಗಿಯ ಕಪನೂರಿನಲ್ಲೋ ಬೀದರ್‌ನ ಕೊಳಾರದಲ್ಲೋ ಸಣ್ಣ ಘಟಕಗಳೆಲ್ಲ ಸೇರಿ ಬಳಸುವ ಒಂದು ಸಾಮಾನ್ಯ ಸೌಲಭ್ಯ ಕೇಂದ್ರ ಮಾಡಬಹುದು. ಎರಡು ಲೇಯರ್‌ನಿಂದ ಶುರುವಾಗಲಿ. ದಪ್ಪ ತಾಮ್ರ, ಅಲ್ಯೂಮಿನಿಯಂ ಬೋರ್ಡ್ ಎರಡನ್ನೂ ಚೆನ್ನಾಗಿ ಮಾಡಲಿ. ಟೆಸ್ಟಿಂಗ್ ಮಷೀನ್ ಮೊದಲ ದಿನದಿಂದಲೇ ಇರಲಿ. ನಾಲ್ಕಾರು ವರ್ಷ ಹೆಸರು ಉಳಿಸಿಕೊಂಡರೆ ಹೈದರಾಬಾದ್‌ನವರು ತಾವೇ ಹುಡುಕಿಕೊಂಡು ಬರುತ್ತಾರೆ.

ಸಂಪಾದಕರಲ್ಲಿ ನನ್ನ ಕೋರಿಕೆ ಇದು. ನಿಮ್ಮ ವರದಿಗಾರರು ಮೂರೂ ಜಿಲ್ಲೆಯ ಕೈಗಾರಿಕಾ ಕೇಂದ್ರದ ಅಧಿಕಾರಿಗಳನ್ನು ಕಂಡು, ಇಲ್ಲಿನ ಘಟಕಗಳು ವರ್ಷಕ್ಕೆ ಎಷ್ಟು ಬೋರ್ಡ್ ತರಿಸುತ್ತವೆ, ಎಂಥದ್ದು, ಎಲ್ಲಿಂದ ಅಂತ ಪಟ್ಟಿ ಇದೆಯಾ ಕೇಳಲಿ. ಇಲ್ಲದಿದ್ದರೆ ಪಟ್ಟಿ ಮಾಡಿಸಲಿ. ಪ್ಯಾನೆಲ್ ಮಾಡುವವರು, ಎಲ್‌ಇಡಿ ದೀಪ ಜೋಡಿಸುವವರು, ಸ್ಟೆಬಿಲೈಜರ್‌ನವರು, ಸೋಲಾರ್ ಕೆಲಸದವರು ಎಲ್ಲರೂ ಲೆಕ್ಕ ಕೊಡುತ್ತಾರೆ. ನನ್ನ ಖರೀದಿ ಬಿಲ್‌ಗಳ ಫೈಲು ಸಿದ್ಧ ಇದೆ, ಯಾವಾಗ ಕೇಳಿದರೂ ಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಸಣ್ಣ ಉದ್ಯಮಿ, ಕಲಬುರಗಿ